ಕಲ್ನಾರು

ಬಳೇಪೇಟೆಯ ಓಣಿಗಳಲ್ಲಿ ಬೂದುಬಣ್ಣದ, ಅಲೆಯಲೆಯಾದ ಮಾಡನ್ನು ಜನರು ‘ಶೀಟು’ ಎಂದಷ್ಟೇ ಕರೆಯುವರಾದರೂ, ಅದರೊಳಗೆ ಸೇರಿರುವ ಆಸ್ಬೆಸ್ಟಾಸಿಗೆ ಕನ್ನಡವು ‘ಕಲ್ನಾರು’ ಎಂಬ ಸುಂದರ ಸಮಾಸವನ್ನಿತ್ತಿದೆ: ಕಲ್ಲಾಗಿ ಗಣಿಯಿಂದ ಬಂದು, ನಾರಾಗಿ ಎಳೆಯೆಳೆ ಬಿಡುವ ಖನಿಜ. ಗ್ರೀಕ್ ಮೂಲಪದಕ್ಕೆ ‘ನಂದದುದು’ ಎಂದರ್ಥ. ವಸ್ತುಗುಣಕ್ಕೆ ನಮ್ಮ ಪದವೇ ಹೆಚ್ಚು ನಿಷ್ಠವೆಂದು ನನ್ನ ಮತ. ಆದರೆ ಈ ಖನಿಜದ ಎಳೆಯು ಉಸಿರಿನೊಡನೆ ಒಳಹೊಕ್ಕು, ಮೂರು ನಾಲ್ಕು ದಶಕಗಳ ತರುವಾಯ ಶ್ವಾಸಕೋಶದ ಹೊದಿಕೆಯಲ್ಲಿ ಮೀಸೋಥೀಲಿಯೋಮಾ ಎಂಬ ಅರ್ಬುದವಾಗಿ ತಲೆಯೆತ್ತುವುದುಂಟು. ದೇಹದ ರಕ್ಷಣಾಕೋಶಗಳಿಗೆ ಬಿದ್ದ ತಡೆಯನ್ನು ಕಳಚುವ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎಂಬ ಔಷಧದ್ವಯಕ್ಕೆ, ಈ ಅರ್ಬುದವಿದ್ದು ಶಸ್ತ್ರಚಿಕಿತ್ಸೆಗೆ ಒದಗದ ರೋಗಿಗಳಿಗಾಗಿ, ಅಮೆರಿಕೆಯು 2020ರಲ್ಲಿ ಸಮ್ಮತಿಯಿತ್ತಿತು; ಕೀಮೋದಿಂದ 14.1 ತಿಂಗಳಿದ್ದ ಆಯುಷ್ಯದ ಮಧ್ಯಾಂಕವು ಈ ಔಷಧದ್ವಯದಿಂದ 18.1 ಆಯಿತು. ಆ ನಾಲ್ಕು ತಿಂಗಳನ್ನು ಅಲ್ಪವೆನ್ನಲು ನನಗೆ ಮನಸ್ಸಾಗದು.