ನಡೆದವರ ದನಿ, ನಡೆದವರ ಕಿವಿ

ಮಲ್ಪೆಯ ಕಡಲತಡಿಯಿಂದ ಉಡುಪಿಯ ರಥಬೀದಿಗೆ ಐದಾರು ಕಿಲೋಮೀಟರ್. ಗೋಪೀಚಂದನದ ಗಡ್ಡೆಯಲ್ಲಿ ಸಿಕ್ಕ ಕೃಷ್ಣನ ವಿಗ್ರಹವನ್ನು ಹೊತ್ತು ಮಧ್ವಾಚಾರ್ಯರು ಈ ದಾರಿಯಲ್ಲಿ ಬಂದರು, ಬರುತ್ತಲೇ ದ್ವಾದಶ ಸ್ತೋತ್ರವನ್ನು ಹಾಡಿದರು ಎಂಬುದು ಇಲ್ಲಿಯ ನಂಬಿಕೆ. ಇತಿಹಾಸಕಾರರು ಒಪ್ಪಲಿ, ಬಿಡಲಿ. ಆ ಸ್ತೋತ್ರವನ್ನು ಗಟ್ಟಿಯಾಗಿ ಹೇಳಿಕೊಂಡು ನಾಲ್ಕು ಹೆಜ್ಜೆ ಹಾಕಿದವರಿಗೆ ಅದರ ಲಯ ಕಾಲಿಗೆ ಹೇಗೆ ಒದಗುತ್ತದೆ ಎಂಬುದು ಗೊತ್ತು. ಇವತ್ತು ಅದನ್ನು ಮಠಗಳಲ್ಲಿ ನೈವೇದ್ಯದ ಹೊತ್ತಿಗೆ ಹೇಳುತ್ತಾರೆ. ಆಗ ಯಾರೂ ನಡೆಯುತ್ತಿರುವುದಿಲ್ಲ.

ನಡಿಗೆಯಲ್ಲಿ ಹುಟ್ಟಿದ್ದು ಕೊನೆಗೆ ಕೂತುಬಿಡುವುದು ಈ ಸೀಮೆಯ ಸಾಹಿತ್ಯ ಮತ್ತು ನಾದದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಹೂವಿನಕೆರೆಯಲ್ಲಿ ಹುಟ್ಟಿದ ವಾದಿರಾಜರ ‘ತೀರ್ಥಪ್ರಬಂಧ’ ದೇಶ ಸುತ್ತಿದವರ ಸಂಸ್ಕೃತ ಕಾವ್ಯ. ನಾಲ್ಕು ದಿಕ್ಕಿಗೆ ನಾಲ್ಕು ಭಾಗ; ಶುರುವಾಗುವುದು ಪಶ್ಚಿಮದಿಂದ, ಅಂದರೆ ತಮ್ಮದೇ ಊರ ಕಡೆಯಿಂದ. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ ಬೀದಿಯಲ್ಲಿ ಹಾಡುತ್ತ ಹೋದ ದಾಸರ ಪದಗಳಿಗೂ ಈಗ ವೇದಿಕೆ, ಮೈಕು, ಜಮಖಾನ.

ನನ್ನ ಮಟ್ಟಿಗೆ ಈ ಪರಂಪರೆಯ ಅಪ್ಪಟ ಕಲಾವಿದ ಆಟಿ ಕಳೆಂಜ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ನಲಿಕೆ ಸಮುದಾಯದವರು ತೆಂಗಿನ ತಿರಿಯ ಉಡುಗೆ ಉಟ್ಟು, ಮುಖಕ್ಕೆ ಬಣ್ಣ ಹಚ್ಚಿ, ತಾಳೆಗರಿಯ ಕೊಡೆ ತಿರುಗಿಸುತ್ತ ಮನೆಮನೆಗೆ ಬರುತ್ತಾರೆ. ಜೊತೆಗಿರುವವರು ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತ ಪಾಡ್ದನ ಎಂಬ ತುಳು ಕಥನಗೀತೆ ಹೇಳುತ್ತಾರೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು ಕೊಟ್ಟರೆ ಊರಿನ ಮಾರಿಯನ್ನು ಅವರು ಕಳೆದು ಹೋಗುತ್ತಾರೆ. ಆದರೆ ಕಳೆಂಜ ಕಣ್ಣಿಗೆ ಬೀಳುವುದು ಆಮೇಲೆ. ಮೊದಲು ಅಡಿಕೆ ತೋಟದ ಮೇಲೆ ಸುರಿವ ಮಳೆ, ಅದರ ಆಚೆ ಎಲ್ಲೋ ಗದ್ದೆಯ ಕಟ್ಟಹುಣಿಯ ಮೇಲಿಂದ ತೆಂಬರೆ, ಬರಬರುತ್ತ ಗೆಜ್ಜೆ. ಅಂಗಳದಲ್ಲಿ ಒಂದಿಷ್ಟು ಹೊತ್ತು ಎಲ್ಲವೂ ಜೋರು. ಮತ್ತೆ ಆಚೆಮನೆಯ ಕಡೆಗೆ ತಗ್ಗುತ್ತ ಹೋಗುತ್ತದೆ. ಊರಿಡೀ ಹಾಸಿದ ಒಂದೇ ಕೃತಿ ಅದು; ಪ್ರತಿ ಮನೆಗೆ ಅದು ಬೇರೆ ದೂರದಿಂದ, ಬೇರೆ ಗಳಿಗೆಯಲ್ಲಿ ಕೇಳುತ್ತದೆ. ಇದನ್ನು ‘ಜಾನಪದ ಕುಣಿತ’ ಎಂದು ವರ್ಗೀಕರಿಸಿದವರು ಕಣ್ಣಿನಿಂದ ಮಾತ್ರ ನೋಡಿದ್ದಾರೆ ಎಂದೇ ನನ್ನ ಗುಮಾನಿ. ಈಗಂತೂ ಆಟಿಯ ನೆನಪಿಗೆ ನಡೆಸುವ ‘ಆಟಿಡೊಂಜಿ ದಿನ’ದ ಸಭಾಂಗಣಗಳಲ್ಲಿ ಕಳೆಂಜನಿಗೆ ನಡೆಯಲು ಸಿಗುವುದು ವೇದಿಕೆಯ ಇಷ್ಟಗಲ ಜಾಗ.

ನವರಾತ್ರಿಯಲ್ಲಿ ಮನೆಮನೆಗೆ ಹೋಗುವ ಮಕ್ಕಳ ಹೂವಿನಕೋಲಿನದೂ, ಪೆಟ್ಟಿಗೆಗಳನ್ನು ತಲೆಹೊರೆ ಹೊತ್ತು ಊರಿಂದೂರಿಗೆ ನಡೆಯುತ್ತಿದ್ದ ಯಕ್ಷಗಾನ ಮೇಳಗಳದೂ ಇದೇ ಕ್ರಮ. ಮುಸ್ಸಂಜೆಗೆ ಆಟದ ಮುನ್ಸೂಚನೆಯಾಗಿ ‘ಕೇಳಿ’ ಬಡಿದರೆ ಸಾಕು, ಚೆಂಡೆಯ ಜಾಡು ಹಿಡಿದು ಸೂಟೆಯ ಬೆಂಕಿ ಬೀಸಿಕೊಂಡು ಜನ ಗದ್ದೆ ದಾಟುತ್ತಿದ್ದರು. ಇನ್ನು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ನಡಿಗೆಯೋ ಹಿಂದಕ್ಕೆ! ಬಾಗಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಅವರು ಹಾಡುವ ಪಾಡ್ದನದಲ್ಲಿ ಅದರ ನಾಯಕಿ ಸಿರಿ ಗಂಡನನ್ನು ಬಿಟ್ಟು, ಕೂಸನ್ನೂ ದಾಸಿ ದಾರುವನ್ನೂ ಕರೆದುಕೊಂಡು ಬಸರೂರಿನ ಮನೆಯಿಂದ ಹೊರನಡೆಯುತ್ತಾಳೆ.

ಹೀಗೆ ಬಹುಕಾಲ ನಡೆಯುವವರೇ ದನಿ, ಮನೆಯಲ್ಲಿದ್ದವರು ಕಿವಿ. ಇದು ತಿರುವುಮುರುವಾದದ್ದು ತೀರ ಈಚೆಗೆ. 1801ರಲ್ಲಿ ಕಾರ್ಕಳ, ಹಿರಿಯಡಕ, ಉಡುಪಿ ಹಾದುಹೋದ ಕಂಪನಿ ಸರ್ಕಾರದ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಬೆಳೆ, ಜಾತಿ, ಕಂದಾಯ ಎಲ್ಲ ಬರೆದುಕೊಂಡ. ಅವನ ಕಿವಿ ಅಷ್ಟಾಗಿ ತೆರೆದಿರಲಿಲ್ಲ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಡ್ರಿಲ್ ಮೇಷ್ಟರಾಗಿದ್ದ ಕವಿ ಮುದ್ದಣ ‘ಶ್ರೀರಾಮಾಶ್ವಮೇಧ’ದಲ್ಲಿ ದೇಶ ಸುತ್ತಲು ಕುದುರೆಯನ್ನು ಬಿಟ್ಟು, ತಾನು ಮಡದಿ ಮನೋರಮೆಯೊಡನೆ ಮನೆಯಲ್ಲೇ ಕೂತ.

ಕಿವಿ ತೆರೆದು ನಡೆದವರು ಕೋಟದ ಶಿವರಾಮ ಕಾರಂತರು. 1921ರಲ್ಲಿ ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟು ಖಾದಿ, ಸ್ವದೇಶಿ ಎಂದು ಊರೂರು ಅಲೆದ ವರ್ಷಗಳಲ್ಲಿ ಕಂಡುಂಡದ್ದು ಮುಂದೆ ಅವರ ಕಾದಂಬರಿಗಳಿಗೆ ಬಂಡವಾಳವಾಯಿತು. ಅಲ್ಲಿ ಎಷ್ಟು ಸಪ್ಪಳವಿದೆ, ನೋಡಿ. 1933ರ ‘ಚೋಮನ ದುಡಿ’ಯಲ್ಲಿ ಹೆಸರಿನಿಂದಲೇ ದನಿ ಶುರು, ನೋವು ಮಾತಿಗಿಂತ ಮೊದಲು ಚರ್ಮವಾದ್ಯದಲ್ಲಿ ಹೊರಬರುತ್ತದೆ. ‘ಮರಳಿ ಮಣ್ಣಿಗೆ’ಯಲ್ಲಿ ಕಡಲಿನ ಮೊರೆತ ಮೂರು ತಲೆಮಾರಿನ ಹಿಂದೆ ಶ್ರುತಿಯಂತೆ ನಿಂತಿದೆ. ಯಕ್ಷಗಾನದ ಹಾಡುಗಾರಿಕೆಯ ಬೆನ್ನುಹತ್ತಿ ಭಾಗವತರನ್ನು ಹುಡುಕಿಕೊಂಡು ಹೋದದ್ದೂ ಇದೇ ಕಿವಿ.

ಆಮೇಲಿನದು ವಿದ್ವಾಂಸರ ಅಲೆದಾಟ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪಿ. ಗುರುರಾಜ ಭಟ್ಟರು ಗುಡಿ, ಶಾಸನಗಳನ್ನು ಹುಡುಕಿ ಸುತ್ತಿ 1975ರಲ್ಲಿ ತುಳುನಾಡಿನ ಇತಿಹಾಸದ ಬೃಹತ್ ಗ್ರಂಥ ಕೊಟ್ಟರು. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ‘ತುಳು ನಿಘಂಟು’ ಯು.ಪಿ. ಉಪಾಧ್ಯಾಯರ ನೇತೃತ್ವದಲ್ಲಿ 1988ರಿಂದ 1997ರೊಳಗೆ ಆರು ಸಂಪುಟಗಳಾಗಿ ಬಂತು. ಅದೇ ಕಾಲೇಜಿನ ಕು.ಶಿ. ಹರಿದಾಸ ಭಟ್ಟರು ಜನಪದ ರಂಗಕಲೆಗಳ ಕೇಂದ್ರ ಕಟ್ಟಿ, ಧ್ವನಿಮುದ್ರಣಕ್ಕೆ ಇಲ್ಲಿ ಒಂದು ನೆಲೆ ಮಾಡಿಕೊಟ್ಟರು. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರಿಂದ ಸಿರಿಯ ಕಾವ್ಯವನ್ನು ಹಾಡಿಸಿ ದಾಖಲಿಸಿದರು. 1998ರಲ್ಲಿ ಅದು 15,683 ಸಾಲುಗಳ ಪುಸ್ತಕವಾಯಿತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೂ ಯಂತ್ರದ ಮುಂದೆ ಹಾಡಿಸಿದಾಗ ಕಾಲು ನಿಂತಿತು. ಹಾಡು ಉಳಿಯಿತು, ಅದು ಸಾಗುತ್ತಿದ್ದ ದೂರ ಉಳಿಯಲಿಲ್ಲ.

ಹೊರಗಿನ ಜಗತ್ತು ಇದೇ ದೂರವನ್ನು ಬೇರೆ ಬಾಗಿಲಿನಿಂದ ಹೊಕ್ಕಿತ್ತು. 1967ರಲ್ಲಿ ಕಲಾವಿದ ರಿಚರ್ಡ್ ಲಾಂಗ್ ಇಂಗ್ಲೆಂಡಿನ ಹುಲ್ಲುಗಾವಲಲ್ಲಿ ಹಿಂದೆಮುಂದೆ ನಡೆದು, ಮೂಡಿದ ಗೆರೆಯನ್ನೇ ಕಲೆ ಎಂದ. ಕೆನಡಾದ ಸಂಗೀತ ಸಂಯೋಜಕ ಮರ್ರಿ ಶೇಫರ್ ಸುತ್ತಲಿನ ಸದ್ದನ್ನೆಲ್ಲ ಒಂದು ಭೂದೃಶ್ಯದಂತೆ ಓದಲು ಹೊರಟರೆ, ಅವರ ಬಳಗದ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್ ಕೇಳುವುದಕ್ಕೆಂದೇ ನಡೆಯುವ ‘ಸೌಂಡ್‌ವಾಕ್’ ಬಗ್ಗೆ 1974ರಲ್ಲಿ ಬರೆದರು. 1992ರಲ್ಲಿ ಅವರು ದೆಹಲಿಗೂ ಬಂದು ಕಮ್ಮಟ ನಡೆಸಿದರು. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ವೆಸ್ಟರ್‌ಕಾಂಪ್ ಬಾಯಿ ಮುಚ್ಚಿ ನಡೆಯಹೇಳುತ್ತಾರೆ. ಕಳೆಂಜ ಸದ್ದು ಮಾಡುತ್ತಲೇ ನಡೆಯುತ್ತಾನೆ.

ಕೇಳುತ್ತ ನಡೆಯಲು ಜಾಗಗಳೇನೋ ಇವೆ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ, ಮುರಕಲ್ಲಿನ ಗುಡ್ಡದ ಅಂಚಿನಿಂದ ಕೆಳಗೆ ಸ್ವರ್ಣಾ ನದಿ. ಬೆಳಗಿನ ವಾಯುವಿಹಾರಿಗಳಲ್ಲಿ ಹೆಚ್ಚಿನವರ ಕಿವಿಗೆ ಇಯರ್‌ಫೋನು. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದ ಬಂಡೆಗೆ ಅಲೆ ಅಪ್ಪಳಿಸುವ ಸದ್ದೇ ಬೇರೆ, ನಾಲ್ಕು ಮಾರು ಆಚೆ ಮರಳಿನ ಮೇಲೆ ಅದೇ ಅಲೆ ಎಳೆದುಕೊಳ್ಳುವ ಸದ್ದೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬೋಟುಗಳ ಎಂಜಿನ್ ಬೆರೆಯದ ಕಡಲನ್ನು ಕೇಳಬಹುದು. ತೆಂಕು ಬಡಗಾಗಿ ಹೋಗುವ ಹೆದ್ದಾರಿ 66ಕ್ಕೆ ಮಾತ್ರ ರಜೆಯಿಲ್ಲ.

ಈ ಸೀಮೆಯಲ್ಲಿ ಶಬ್ದಕಲೆ ಮಾಡಹೊರಡುವವರು ಮೊದಲು ನಂದಳಿಕೆಯ ಸಿರಿಜಾತ್ರೆಗೆ ಹೋಗಬೇಕು. ರಾತ್ರಿ, ಅಡಿಕೆಯ ಹಿಂಗಾರ ಹಿಡಿದ ಹತ್ತಾರು ಹೆಂಗಸರು ಆವೇಶಗೊಂಡು ತಮ್ಮ ತಮ್ಮ ಸಿರಿಯ ಕತೆಯನ್ನು ಒಟ್ಟಿಗೇ ಹಾಡುತ್ತಾರೆ, ಅಳುತ್ತಾರೆ, ಎದುರು ನಿಂತ, ಸಿರಿಯ ಮಗ ಕುಮಾರನ ಪಾತ್ರಿಗೆ ಉತ್ತರ ಕೊಡುತ್ತಾರೆ. ಒಂದು ಕಡೆ ಮೈಕು ನೆಟ್ಟು ಕೂತರೆ ಯಂತ್ರದಲ್ಲಿ ಸಿಗುವುದು ಬರೇ ಗದ್ದಲ. ಸಾಲಿನ ಬದಿಯಲ್ಲಿ ಮೆಲ್ಲಗೆ ಹೆಜ್ಜೆ ಹಾಕಿದರೆ ಒಬ್ಬೊಬ್ಬರ ದನಿ ಬಿಡಿಸಿಕೊಂಡು ಬರುತ್ತದೆ, ಒಂದು ಕತೆ ಮಾಸುವ ಹೊತ್ತಿಗೆ ಪಕ್ಕದವಳ ಕತೆ ನಡುವಿನಿಂದ ಶುರುವಾಗುತ್ತದೆ. ನಿಮ್ಮ ನಡಿಗೆ ಎಷ್ಟು ನಿಧಾನವೋ ಅದರ ಮೇಲೆ ಯಾರ ಕತೆ ಎಷ್ಟು ಸಿಕ್ಕಿತು ಎಂಬುದು ನಿಂತಿದೆ.