ನವಜಾತ ಶಿಶುಗಳ ಸಿರಾಮಾರ್ಗ ಚಿಕಿತ್ಸೆ

ಅವಧಿಗೆ ಮುನ್ನ ಜನಿಸಿದ ಅಥವಾ ಹುಟ್ಟುತ್ತಲೇ ವ್ಯಾಧಿಗ್ರಸ್ತವಾದ ಶಿಶುವಿನ ರಕ್ತನಾಳದೊಳಕ್ಕೆ ಔಷಧ, ಗ್ಲೂಕೋಸ್, ರಕ್ತ ಮತ್ತು ಪೋಷಕದ್ರವಗಳನ್ನು ಸೇರಿಸುವ ವಿಧಾನ. ಒಂದು ಕಿಲೋಗ್ರಾಂ ತೂಕದ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 80ರಿಂದ 100 ಮಿಲಿಲೀಟರ್. ಅದರ ಅಂಗೈ ಹಿಂಬದಿಯ ಅಭಿಧಮನಿಯಾದರೋ ಮಗ್ಗದ ನೂಲಿನೆಳೆಗಿಂತ ಬಹಳ ದಪ್ಪವಲ್ಲ. ಔಷಧ ಸಿದ್ಧವಿದ್ದೂ ಅದನ್ನು ಒಳಗೊಯ್ಯುವ ದಾರಿ ದೊರೆಯದಿರುವುದೇ ಈ ಚಿಕಿತ್ಸೆಯ ಹಳೆಯ ತೊಡಕು.

1925ರಲ್ಲಿ ಟೊರಾಂಟೋದ ಆಲ್ಫ್ರೆಡ್ ಹಾರ್ಟ್ ಕಾಮಾಲೆಯ ಶಿಶುವೊಂದರ ರಕ್ತವನ್ನು ಬದಲಿಸಿದಾಗ, ನೆತ್ತಿಯ ಮೆತ್ತನೆಯ ಭಾಗದಲ್ಲಿ ಸೂಜಿಯಿಳಿಸಿ ಮಿದುಳಿನ ಮೇಲಣ ಮಹಾಸಿರೆಯಿಂದ ರಕ್ತ ತೆಗೆಯಬೇಕಾಯಿತು. ಈ ಸಾಹಸವನ್ನು ಅನಗತ್ಯಗೊಳಿಸಿದ ಶ್ರೇಯಸ್ಸು ಬಾಸ್ಟನ್ನಿನ ಲೂಯಿ ಡೈಮಂಡ್ ಅವರದು: ಹೊಕ್ಕುಳಬಳ್ಳಿಯಲ್ಲಿ ಎರಡು ಧಮನಿಗಳ ಜೊತೆಗೆ ತೆಳುಗೋಡೆಯ ಅಗಲವಾದ ಅಭಿಧಮನಿಯೊಂದು ಜನನಾನಂತರವೂ ಕೆಲವು ದಿನ ತೆರೆದಿರುತ್ತದೆಂಬ ಸಂಗತಿಯನ್ನು ಬಳಸಿಕೊಂಡು, ಅವರು 1940ರ ದಶಕದಲ್ಲಿ ಅದರೊಳಕ್ಕೆ ಮೃದುವಾದ ಪ್ಲಾಸ್ಟಿಕ್ ನಳಿಕೆಯನ್ನು ತೂರಿಸಿದರು. 1968ರಲ್ಲಿ ಫಿಲಡೆಲ್ಫಿಯಾದ ವಿಲ್ಮೋರ್ ಮತ್ತು ಡಡ್ರಿಕ್, ಕರುಳು ಕೆಲಸಮಾಡದ ಶಿಶುವನ್ನು ಮಹಾಸಿರೆಯ ಮೂಲಕವೇ ಪೋಷಿಸಿದುದನ್ನು ಪ್ರಕಟಿಸಿದರು. 1973ರಲ್ಲಿ ಲಂಡನ್ನಿನ ಶಾ ಅವರು ಚರ್ಮದ ಸಣ್ಣ ಸಿರೆಯಿಂದ ಹೃದಯದ ಸಮೀಪದವರೆಗೆ ಸಾಗುವ ಸಿಲಿಕೋನ್ ಎಳೆನಳಿಕೆಯನ್ನು ವರ್ಣಿಸಿದರು. ಪದೇಪದೇ ಚುಚ್ಚುವ ಹಿಂಸೆ ಕುಗ್ಗಿದುದು ಇದರಿಂದಲೇ.

ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದ ಕಾಲದಿಂದಲೂ ಆ ಸೀಮೆಯವರು ಕಠಿನ ವ್ಯಾಧಿಗಳಿಗಾಗಿ ಮೀರಜಿನ ಮಿಷನ್ ಆಸ್ಪತ್ರೆಯತ್ತ ಹೋಗುತ್ತಿದ್ದರು. ನವಜಾತ ಶಿಶುಗಳ ಚಿಕಿತ್ಸೆಗೆ ಸರ್ಕಾರಿ ವ್ಯವಸ್ಥೆ ರೂಪುಗೊಂಡುದು ತೀರ ಈಚೆಗೆ. 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಆರಂಭವಾದ ಮಾದರಿಯನ್ನನುಸರಿಸಿ, ಜಿಲ್ಲಾಸ್ಪತ್ರೆಗೆ ವಿಶೇಷ ಶಿಶುಘಟಕವೂ ತಾಲ್ಲೂಕು ಮಟ್ಟಕ್ಕೆ 4 ಹಾಸಿಗೆಗಳ ಸ್ಥಿರೀಕರಣ ಘಟಕವೂ ಇರಬೇಕೆಂದು 2011ರ ಕೇಂದ್ರ ಮಾರ್ಗಸೂಚಿ ವಿಧಿಸಿತು. ಅದೇ ವರ್ಷ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಾಧಿಗ್ರಸ್ತ ನವಜಾತ ಶಿಶುಗಳ ಚಿಕಿತ್ಸೆಯನ್ನೂ ಸಾಗಾಟವನ್ನೂ ಉಚಿತಗೊಳಿಸಿತು.

ಹೀಗಾಗಿ ಬೀಳಗಿಯಿಂದಾಗಲಿ, ನೇಕಾರರ ರಬಕವಿ-ಬನಹಟ್ಟಿಯಿಂದಾಗಲಿ ಬಾಗಲಕೋಟೆಗೆ ಕಳುಹಿಸಬೇಕಾದ ಕೂಸಿಗೆ ಹೊರಡುವ ಮುನ್ನವೇ ಸಲೈನ್ ಹಚ್ಚಿ, ನಳಿಕೆಯನ್ನು ಭದ್ರಪಡಿಸುವುದು ಮುಖ್ಯ ಕಾರ್ಯವಾಗಿದೆ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕುಲುಕುತ್ತ ಸಾಗುವ ಆಂಬುಲೆನ್ಸಿನಲ್ಲಿ ಹೊಸದಾಗಿ ಸಿರೆ ಹುಡುಕುವುದು ಬಹುಮಟ್ಟಿಗೆ ಅಸಾಧ್ಯ. 24 ಅಥವಾ 26 ಗೇಜಿನ ಕ್ಯಾನುಲಾವನ್ನು ಪಾರದರ್ಶಕ ಪಟ್ಟಿಯಿಂದ ಅಂಟಿಸಿ, ಮಣಿಕಟ್ಟಿಗೆ ಪುಟ್ಟ ದಬ್ಬೆ ಕಟ್ಟಿ, ಬೆರಳ ತುದಿಗಳನ್ನು ಕಾಣುವಂತೆ ಬಿಡುತ್ತಾರೆ. ಸಿರೆಯನ್ನು ತೋರಿಸುವ ಅವರಕ್ತ ಕಿರಣದ ಯಂತ್ರಗಳು ಈಗ ಬಂದಿವೆ, ಉಪಯುಕ್ತವೂ ಹೌದು. ಆದೊಡೆ ದೊರೆತ ಸಿರೆಯನ್ನು ಉಳಿಸಿಕೊಳ್ಳುವ ಕೆಲಸ ದಾದಿಯ ಕಣ್ಣಿಗೇ ಸೇರಿದ್ದು. ಗ್ಲೂಕೋಸ್ ಅಥವಾ ಕ್ಯಾಲ್ಸಿಯಂ ಸಿರೆಯಿಂದ ಹೊರಸೋರಿದರೆ ಚರ್ಮ ಸತ್ತು ಹುಣ್ಣಾಗಬಹುದಾದುದರಿಂದ, ಚುಚ್ಚಿದ ಜಾಗವನ್ನು ಗಂಟೆಗೊಮ್ಮೆ ನೋಡಿ, ಬಾವು ಕಂಡೊಡನೆ ದ್ರವವನ್ನು ನಿಲ್ಲಿಸುವುದು ಪದ್ಧತಿ.