ಕುಣಿಗಲ ಅಶ್ವಶಾಲೆಯೂ ಪಡುಗಡಲ ಅಳಿವೆಗಳೂ

ತುಮಕೂರು, ಗುಬ್ಬಿ, ಕುಣಿಗಲುಗಳಿಗೆ ಕಡಲ ನೆರೆಯಿಲ್ಲ. ಆದರೂ ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ ಅಶ್ವಶಾಲೆಯ ಚರಿತ್ರೆಯನ್ನರಿಯಬೇಕಾದರೆ ಪಡುಗಡಲ ಅಳಿವೆಗಳಿಂದಲೇ ಮೊದಲುಮಾಡಬೇಕಾಗುವುದು. ದಕ್ಷಿಣದೇಶದ ರಾಜರಿಗೆ ಬೇಕಾದ ಅರಬ್ಬೀ, ಪಾರಸೀ ಕುದುರೆಗಳು ಶತಮಾನಗಳ ಕಾಲ ಹಡಗೇರಿಯೇ ಬರುತ್ತಿದ್ದವು.

ಆ ಹಡಗುಗಳನ್ನು 13ನೆಯ ಶತಮಾನದ ಮಾರ್ಕೊ ಪೋಲೊ ಹೊರ್ಮುಜಿನಲ್ಲಿ ಕಂಡು ವರ್ಣಿಸಿದ್ದಾನೆ. ಅವುಗಳ ಹಲಗೆಗಳಿಗೆ ಕಬ್ಬಿಣದ ಮೊಳೆಯಿಲ್ಲ, ತೆಂಗಿನ ನಾರಿನ ಹೊಲಿಗೆ. ಕಂಬವೊಂದು, ಪಟವೊಂದು, ಚುಕ್ಕಾಣಿಯೊಂದು. ಸರಕಿನ ಮೇಲೆ ತೊಗಲು ಹೊದಿಸಿ ಅದರ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು.

ಇಂತಹ ಹಡಗಿಗೆ ಕರೆಯನ್ನು ಸೇರುವುದು ಸುಲಭವಾಗಿರಲಿಲ್ಲ. ಹೊನ್ನಾವರವು ಶರಾವತಿಯ, ಮಂಗಳೂರು ನೇತ್ರಾವತಿ ಗುರುಪುರ ನದಿಗಳ ಅಳಿವೆಯಲ್ಲಿರುವುವು. ನದಿ ತಂದ ಮರಳೂ ಅಲೆ ತಳ್ಳಿದ ಮರಳೂ ಅಳಿವೆಯ ಬಾಯಲ್ಲಿ ದಿಬ್ಬವಾಗಿ ನಿಲ್ಲುವುವು. ಮಳೆಗಾಲದ ನೆರೆಗೆ ಆಳವಾದ ನೀರಿನ ಜಾಡೇ ಬದಲಾಗುವುದು. ಆದುದರಿಂದ ನಾವಿಕನು ಹೊರಗೆ ಲಂಗರಿಳಿಸಿ, ಉಬ್ಬರಕ್ಕಾಗಿ ಕಾದು, ಗುಂಡು ಕಟ್ಟಿದ ಹಗ್ಗದಿಂದ ಆಳವನ್ನು ನೋಡುತ್ತ ಒಳಗೆ ಬರಬೇಕು. ಭಾರವಾದ ಹಡಗು ಹೊರಗೇ ನಿಂತು ದೋಣಿಗಳಿಗೆ ಸರಕನ್ನಿಳಿಸಬೇಕು. ಹೊನ್ನಾವರದ ಹಿನ್ನೀರಿಗೆ ದೊಡ್ಡ ಹಡಗುಗಳು ಬರುವುದನ್ನು ಹೇಳಿದ 14ನೆಯ ಶತಮಾನದ ಇಬ್ನ್ ಬತೂತನೇ, ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರ ಹೊರತು ಅಲ್ಲಿ ಯಾರೂ ನೀರಿಗಿಳಿಯಲಾರರೆಂದೂ ತಿಳಿಸುತ್ತಾನೆ.

ರೇವಿನ ಸ್ಥಿತಿಯೇ ದಂಡಿನ ಸ್ಥಿತಿಯೆಂಬುದನ್ನು ಕೃಷ್ಣದೇವರಾಯನು ಬಲ್ಲವನಾಗಿದ್ದನು. ರಾಜನು ರೇವುಗಳನ್ನು ಊರ್ಜಿತಗೊಳಿಸಬೇಕು. ಬಿರುಗಾಳಿಗೋ ರೋಗಕ್ಕೋ ಸಿಕ್ಕಿ ಕರೆ ಸೇರಿದ ಪರದೇಶದವರನ್ನು ಆದರಿಸಬೇಕು. ಆನೆ ಕುದುರೆಗಳನ್ನು ತರುವ ವರ್ತಕರು ಶತ್ರುಗಳತ್ತ ತಿರುಗದಂತೆ ನೋಡಿಕೊಳ್ಳಬೇಕು ಎಂಬ ನೀತಿಗಳು ಅವನ ತೆಲುಗು ಕಾವ್ಯವಾದ ‘ಆಮುಕ್ತಮಾಲ್ಯದ’ದಲ್ಲಿವೆ. ಆದರೆ ಅವನ ಆಳಿಕೆಯಲ್ಲಿಯೇ, 1510ರಲ್ಲಿ, ಪೋರ್ತುಗೀಜರು ಗೋವೆಯನ್ನು ಹಿಡಿದು ಕುದುರೆಗಳ ವ್ಯಾಪಾರವನ್ನು ಅಲ್ಲಿಗೆ ಸೆಳೆದುಕೊಂಡರು. ಭಟ್ಕಳದಂತಹ ರೇವುಗಳಿಗೆ ಅದು ದೊಡ್ಡ ಪೆಟ್ಟಾಯಿತು.

1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಅದಕ್ಕೆ ಸೇರಿದ ಹೊನ್ನಾವರ, ಮಂಗಳೂರುಗಳು ಮೈಸೂರಿನ ವಶವಾದುವು. 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ದೀರ್ಘವಾದ ಮುತ್ತಿಗೆಯ ತರುವಾಯ 1784ರಲ್ಲಿ ಟಿಪ್ಪು ಅದನ್ನು ಮರಳಿ ಪಡೆದನು. ನೌಕಾಬಲವುಳ್ಳ ಶತ್ರುವಿನೆದುರು ರೇವೊಂದನ್ನೇ ನೆಚ್ಚುವುದು ಅಪಾಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಕುಣಿಗಲ ಅಶ್ವಶಾಲೆಯ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ದಂಡಿನ ಕುದುರೆಯನ್ನು ಒಳನಾಡಿನ ಹುಲ್ಲುಗಾವಲಿನಲ್ಲಿಯೇ ಬೆಳೆಯಿಸಿದರೆ ಅಳಿವೆಯ ಮರಳು, ಮಳೆಗಾಲದ ಕಡಲು, ಪರರ ತೋಪು, ಈ ಮೂರರ ಹಂಗೂ ಕಡಮೆಯಾಗುವುದು. ಕಡಲನ್ನು ಕಾಣದ ಊರಿನ ಚರಿತ್ರೆಯಲ್ಲಿಯೂ ಕಡಲಿನ ಪಾಲಿರುವುದೆಂಬುದಕ್ಕೆ ಕುಣಿಗಲು ಒಳ್ಳೆಯ ನಿದರ್ಶನವಾಗಿದೆ.